ಹೂಳಿನ ಮೇಲೊಂದು ಹಾದಿ



ನಾನು ಹುಟ್ಟಿ ಬೆಳೆದದ್ದು ಶಿರಾ ಸೀಮೆಯ ಒಂದು ಹಳ್ಳಿಯಲ್ಲಿ. ಊರ ಮುಂದೆ ಕೆರೆ, ಏರಿಯ ಮೇಲೆ ಶಾಲೆಯ ದಾರಿ. ಬೇಸಗೆ ಬಂದು ಕೆರೆ ಬತ್ತಿದಾಗ ಮನೆಗೊಂದು ಗಾಡಿ ಕೆರೆಯಂಗಳಕ್ಕೆ ಇಳಿಯುತ್ತಿತ್ತು. ಗೋಡು ಅಗೆದು, ತುಂಬಿ, ಹೊಲಕ್ಕೆ ಹೊಡೆಯುವ ಕೆಲಸ. ಅಪ್ಪ ಹಾರೆ ಹಾಕಿ ಒಂದು ಹೆಂಟೆ ಎತ್ತಿದರೆ ಒಳಗಿನಿಂದ ತಣ್ಣಗಿನ ಒಂದು ವಾಸನೆ ಏಳುತ್ತಿತ್ತು. ಒಣಗಿದ ಪಾಚಿ, ಏಡಿಯ ಚಿಪ್ಪು, ಕೊಳೆತ ಎಲೆ, ಎಲ್ಲ ಸೇರಿದ ವಾಸನೆ. ಕಳೆದ ಜುಲೈ ತಿಂಗಳಲ್ಲಿ, ನಲವತ್ತೈದು ವರ್ಷಗಳ ಮೇಲೆ, ಅದೇ ವಾಸನೆ ನನಗೆ ಚೀನಾ ದೇಶದಲ್ಲಿ ಸಿಕ್ಕಿತು. ಅದು ಸಿಕ್ಕಿದ ಊರಿನ ವಿಚಾರ ಇವತ್ತು ನಿಮ್ಮ ಮುಂದೆ ಹೇಳಬೇಕು.

ಮಗಳು ಶಾಂಘೈಯಲ್ಲಿ ಕೆಲಸದಲ್ಲಿದ್ದಾಳೆ. "ಮೂರು ದಿನ ರಜ ಇದೆ ಅಮ್ಮ, ಹಾಂಗ್‌ಝೌಗೆ ಹೋಗಿ ಬರೋಣ. ನಿನಗೆ ಕೆರೆ ಅಂದ್ರೆ ಪ್ರಾಣ ಅಲ್ವಾ" ಅಂದಳು. ಶಾಂಘೈಯಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕಿಟಕಿಯಾಚೆ ಭತ್ತದ ಗದ್ದೆ, ಕಾಲುವೆ, ಮೀನಿನ ಹೊಂಡ, ಅವುಗಳ ನಡುನಡುವೆ ಗುಂಪುಗುಂಪಾಗಿ ಎದ್ದ ಮೂವತ್ತು ಮಹಡಿಯ ಮನೆಗಳು. ಯಾಂಗ್ತ್ಸೆ ನದಿಯ ದಕ್ಷಿಣದ ಈ ಸೀಮೆಯನ್ನು ಚೀನೀಯರು ಜ್ಯಾಂಗ್‌ನಾನ್ ಅನ್ನುತ್ತಾರೆ; ನದಿಯ ತೆಂಕಣ ಎಂದೇ ಆ ಮಾತಿನ ಅರ್ಥ. ಅಕ್ಕಿ, ರೇಷ್ಮೆ, ಚಹಾ, ಮೀನು, ಇವೆಲ್ಲ ಹೇರಳವಾಗಿರುವ ನೀರಿನ ನಾಡು. 1138ರಿಂದ, 1276ರಲ್ಲಿ ಮಂಗೋಲರ ಕೈಸೇರುವವರೆಗೆ, ಹಾಂಗ್‌ಝೌ ದಕ್ಷಿಣ ಸುಂಗ್ ಅರಸರ ರಾಜಧಾನಿ. ಬೀಜಿಂಗಿನಿಂದ ಹೊರಟ ಮಹಾ ಕಾಲುವೆ ಬಂದು ಮುಟ್ಟುವುದು ಇಲ್ಲಿಗೆ. ಇವತ್ತು ಇದು ಅಲಿಬಾಬಾ ಕಂಪನಿಯ ಊರು. 2023ರಲ್ಲಿ ಏಷ್ಯನ್ ಗೇಮ್ಸ್ ನಡೆದು ನಮ್ಮ ದೇಶದ ಆಟಗಾರರು ಮೊದಲ ಸಲ ನೂರರ ಗಡಿ ದಾಟಿ 107 ಪದಕ ಗೆದ್ದದ್ದೂ ಇದೇ ಊರಿನಲ್ಲಿ.

ಜುಲೈಯ ಸೆಕೆಯನ್ನು ಹೇಗೆ ಹೇಳಲಿ? ಬಳ್ಳಾರಿಯ ಬಿಸಿಲು, ಮಂಗಳೂರಿನ ಬೆವರು, ಎರಡೂ ಒಟ್ಟಿಗೆ ಬಂದ ಹಾಗೆ. ಅಲ್ಲಿಯವರು ಕೆರೆ ನೋಡುವುದಕ್ಕೆ ಬೆಳಗಿನ ಜಾವ ಏಳುತ್ತಾರೆ. ನಾವೂ ಐದು ಗಂಟೆಗೆ ಎದ್ದು ಹೊರಟೆವು.

ಆ ಕೆರೆಯ ಹೆಸರು ಶಿಹು, ಎಂದರೆ ಪಶ್ಚಿಮದ ಸರೋವರ. ಊರಿನ ಪಡುವಣಕ್ಕಿದೆ, ಅದಕ್ಕೇ ಆ ಹೆಸರು. ಮೂರು ಕಡೆ ಬೆಟ್ಟ, ಒಂದು ಕಡೆ ಊರು. ನೀರಿನ ಹರವು ಆರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಆಳ ಮಾತ್ರ ಸರಾಸರಿ ಎರಡು ಮೀಟರಿನ ಆಸುಪಾಸು. ಇಷ್ಟು ದೊಡ್ಡ ನೀರು ಇಷ್ಟು ತೆಳ್ಳಗೆ ನಿಂತಿದೆ ಎಂದು ಕೇಳಿದ ಕೂಡಲೇ ಕೆರೆಯ ಊರಿನಿಂದ ಬಂದ ನನಗೆ ದಿಗಿಲಾಯಿತು. ಹೂಳು ತುಂಬುವುದಕ್ಕೆ ಎಷ್ಟು ಹೊತ್ತು ಬೇಕು!

ನಿಜಕ್ಕೂ ಆ ಕೆರೆಯ ಚರಿತ್ರೆ ಪೂರಾ ಹೂಳಿನ ಚರಿತ್ರೆಯೇ. ಬಹು ಹಿಂದೆ ಅಲ್ಲಿದ್ದದ್ದು ಸಮುದ್ರದ ಒಂದು ಕೊಲ್ಲಿ. ಪಕ್ಕದ ಚ್ಯೆನ್‌ತಾಂಗ್ ನದಿ ಮತ್ತು ಕಡಲಿನ ಭರತ ತಂದು ಹಾಕಿದ ಮಣ್ಣು ಕೊಲ್ಲಿಯ ಬಾಯಿ ಮುಚ್ಚಿತು. ಒಳಗೆ ಸಿಕ್ಕಿಕೊಂಡ ನೀರು ಬೆಟ್ಟದ ತೊರೆಗಳಿಂದ ನಿಧಾನಕ್ಕೆ ಸಿಹಿಯಾಯಿತು. ತನ್ನ ಪಾಡಿಗೆ ಬಿಟ್ಟಿದ್ದರೆ ಈ ನೀರು ಜೌಗಾಗಿ, ಜೊಂಡಾಗಿ, ಕಡೆಗೆ ಒಣನೆಲವಾಗಿ ಮುಗಿಯಬೇಕಿತ್ತು. ಆಗಲಿಲ್ಲ. ಸಾವಿರದ ಇನ್ನೂರು ವರ್ಷಗಳಿಂದ ಒಬ್ಬರಾದ ಮೇಲೆ ಒಬ್ಬರು ಅದಕ್ಕೆ ಇಳಿದಿದ್ದಾರೆ.

ಊರು ಕಡಲ ಮಣ್ಣಿನ ಮೇಲೆ ನಿಂತದ್ದರಿಂದ ನೆಲದ ನೀರು ಉಪ್ಪು. 8ನೇ ಶತಮಾನದಲ್ಲಿ ಲಿ ಬೀ ಎಂಬ ಅಧಿಕಾರಿ ಕೆರೆಯಿಂದ ಊರೊಳಗೆ ಕೊಳವೆ ಹಾಯಿಸಿ ಆರು ಬಾವಿಗಳಿಗೆ ಸಿಹಿನೀರು ತುಂಬಿಸಿದ. ಅವನ ಬಳಿಕ 822ರಲ್ಲಿ ಬೈ ಜ್ಯುಯಿ ಬಂದ. ದೊಡ್ಡ ಕವಿ, ಎರಡು ವರ್ಷ ಇಲ್ಲಿ ಅಧಿಕಾರಿಯಾಗಿದ್ದ. ಏರಿ ಎತ್ತರಿಸಿದ, ಯಾವಾಗ ತೂಬು ಎತ್ತಬೇಕು, ಎಷ್ಟು ನೀರು ಬಿಟ್ಟರೆ ಎಷ್ಟು ಗದ್ದೆ ನೆನೆಯುತ್ತದೆ ಎಂಬುದನ್ನೆಲ್ಲ ಬರೆದು ಕಲ್ಲಿನಲ್ಲಿ ಕೆತ್ತಿಸಿ ಹೋದ, ತನ್ನ ನಂತರ ಬರುವವರು ನೋಡಿಕೊಳ್ಳಲಿ ಎಂದು. ಈಗ ಬೈ ಏರಿ ಎಂದು ಕರೆಯುವ ಏರಿ ಅವನು ಕಟ್ಟಿಸಿದ್ದಲ್ಲ, ಅವನಿಗೂ ಹಳೆಯದು. ಅವನು ಕಟ್ಟಿಸಿದ್ದು ಅಳಿದುಹೋಯಿತು. ಆದರೂ ಜನ ಉಳಿದಿದ್ದ ಏರಿಗೆ ಅವನ ಹೆಸರಿಟ್ಟರು. ಇದು ನನಗೆ ಬಹಳ ಹಿಡಿಸಿತು.

ನಾವು ಆ ಬೆಳಿಗ್ಗೆ ನಡೆದದ್ದು ಇನ್ನೊಂದು ಏರಿಯ ಮೇಲೆ. ಸು ಏರಿ. ಕೆರೆಯನ್ನು ತೆಂಕಣದಿಂದ ಬಡಗಣಕ್ಕೆ ಸೀಳಿಕೊಂಡು ಹೋಗುವ 2.8 ಕಿಲೋಮೀಟರಿನ ಹಾದಿ, ನಡುವೆ ಆರು ಕಲ್ಲಿನ ಕಮಾನು ಸೇತುವೆಗಳು. ಮಗಳು ಒಂದೊಂದರ ಹೆಸರನ್ನೂ ಓದಿ ಅರ್ಥ ಹೇಳುತ್ತ ಬಂದಳು. ಅಲೆಯಲ್ಲಿ ಮೂಡುವ ಸೇತುವೆ, ಅಲೆಗೆ ಬೀಗ ಹಾಕುವ ಸೇತುವೆ, ಬೆಟ್ಟ ನೋಡುವ ಸೇತುವೆ. ಎರಡೂ ಬದಿಯಲ್ಲಿ ನೀರಿಗೆ ಜಡೆ ಬಿಟ್ಟ ವಿಲೋ ಮರಗಳು, ಅವುಗಳ ಜೊತೆಗೆ ಪೀಚ್ ಮರಗಳು. ಜೀರುಂಡೆಗಳ ಸದ್ದು ಎಷ್ಟಿತ್ತೆಂದರೆ ಮಾತಾಡಲು ದನಿ ಏರಿಸಬೇಕಿತ್ತು. ಒಬ್ಬ ಮುದುಕರು ತಮ್ಮೆತ್ತರದ ಕುಂಚವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಹಾಸುಗಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಐದನೆಯ ಅಕ್ಷರ ಬರೆಯುವ ಹೊತ್ತಿಗೆ ಮೊದಲನೆಯದು ಆರಿಹೋಗುತ್ತಿತ್ತು. ಅವರು ಅದನ್ನು ನೋಡಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು.

ಈ ಏರಿ ಕಟ್ಟಿಸಿದವನ ಕಥೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸು ದೊಂಗ್‌ಪೊ. 1037ರಲ್ಲಿ ಹುಟ್ಟಿದವನು, 1101ರಲ್ಲಿ ತೀರಿಕೊಂಡವನು. ಕವಿ, ಚಿತ್ರಕಾರ, ಅಧಿಕಾರಿ. ಮೊದಲು 1071ರಲ್ಲಿ ಕಿರಿಯ ಅಧಿಕಾರಿಯಾಗಿ ಹಾಂಗ್‌ಝೌಗೆ ಬಂದ. ಮೂರು ವರ್ಷ ಇದ್ದು ಹೋದ. ನಡುವೆ ಸೆರೆಮನೆ ಕಂಡ, ಗಡಿಪಾರು ಅನುಭವಿಸಿದ. 1089ರಲ್ಲಿ ಮತ್ತೆ ಇದೇ ಊರಿಗೆ, ಈ ಸಲ ಮುಖ್ಯಾಧಿಕಾರಿಯಾಗಿ. ಬಂದು ನೋಡಿದರೆ ತಾನು ಬಿಟ್ಟುಹೋಗಿದ್ದ ಕೆರೆಯ ಅರ್ಧ ಜೊಂಡಿನಿಂದ ಮುಚ್ಚಿದೆ. ಬೇರು ಹೆಣೆದುಕೊಂಡ ಚಾಪೆಯ ಮೇಲೆ ಮಣ್ಣು ನಿಂತು ಗದ್ದೆಗಳೇ ಆಗಿವೆ. ಇನ್ನಿಪ್ಪತ್ತು ವರ್ಷ ಹೀಗೇ ಬಿಟ್ಟರೆ ಕೆರೆಯೇ ಇರುವುದಿಲ್ಲ ಎಂದು ಅವನು ರಾಜಧಾನಿಗೆ ಅರ್ಜಿ ಬರೆದ.

ಆ ಅರ್ಜಿಯಲ್ಲಿ ಅವನು ಮುಂದಿಟ್ಟ ಕಾರಣಗಳನ್ನು ಗಮನಿಸಬೇಕು. ಬರೆದವನು ಕವಿ, ಆದರೆ ಕೆರೆ ಚೆಂದ ಎಂಬುದನ್ನು ನೆಚ್ಚಿಕೊಂಡು ಅವನು ವಾದ ಮಾಡಲಿಲ್ಲ. ಊರಿಗೆ ಕುಡಿಯುವ ನೀರು ಬೇಕು. ಗದ್ದೆಗೆ ನೀರು ಬೇಕು. ಕಾಲುವೆಯಲ್ಲಿ ದೋಣಿ ಓಡಬೇಕಾದರೆ ಕೆರೆಯ ನೀರು ಬೇಕು, ಇಲ್ಲವಾದರೆ ನದಿಯ ಕೆಸರುನೀರು ಕಾಲುವೆಗೆ ನುಗ್ಗುತ್ತದೆ. ಮದ್ಯ ಬಟ್ಟಿಗೂ ಇದೇ ನೀರು, ಅದರಿಂದ ಬರುವ ತೆರಿಗೆ ಬೊಕ್ಕಸಕ್ಕೆ ಬೇಕು. ಯಾವ ಲೆಕ್ಕದವನೂ ತಳ್ಳಿಹಾಕಲಾಗದ ಕಾರಣಗಳು.

ಹಣ? ರಾಜಧಾನಿ ಅವನಿಗೆ ಕಳಿಸಿದ್ದು ನೂರು ದೀಕ್ಷಾಪತ್ರಗಳನ್ನು. ಆ ಕಾಲದಲ್ಲಿ ಬೌದ್ಧ ಭಿಕ್ಷುವಾಗಲು ಸರ್ಕಾರದ ಪತ್ರ ಬೇಕಿತ್ತು, ಪತ್ರ ಇದ್ದವನಿಗೆ ತೆರಿಗೆ ಇಲ್ಲ, ಹಾಗಾಗಿ ಅದಕ್ಕೆ ಒಳ್ಳೆಯ ಬೆಲೆ. ಅವನ್ನು ಮಾರಿ, ಆ ದುಡ್ಡಿನಿಂದ ಕೂಲಿ ಕೊಟ್ಟು 1090ರಲ್ಲಿ ಹೂಳೆತ್ತಿಸಲು ಶುರು ಮಾಡಿದ. ಒಟ್ಟು ಎರಡು ಲಕ್ಷ ಆಳುದಿನಗಳ ದುಡಿಮೆ. ಈಗ ಎದುರಾಯಿತು ಹೂಳೆತ್ತಿಸುವ ಎಲ್ಲರಿಗೂ ಎದುರಾಗುವ ಪ್ರಶ್ನೆ: ಎತ್ತಿದ ಹೂಳನ್ನು ಎಲ್ಲಿ ಹಾಕುವುದು? ದಡದಲ್ಲಿ ಸುರಿದರೆ ಮುಂದಿನ ಮಳೆಗೆ ಅದು ಮತ್ತೆ ಕೆರೆಗೇ. ಅವನು ಕೆರೆಯ ನಡುವೆಯೇ ಸುರಿಸಿದ, ಒಂದೇ ಸಾಲಿಗೆ, ಈ ದಡದಿಂದ ಆ ದಡಕ್ಕೆ. ಸುತ್ತು ಹಾಕಿ ನಡೆಯುತ್ತಿದ್ದ ಜನಕ್ಕೆ ನೇರ ದಾರಿ ಆಯಿತು. ಮೇಲೆ ವಿಲೋ ನೆಡಿಸಿದ, ಬೇರು ಮಣ್ಣು ಹಿಡಿಯಲಿ ಎಂದು. ಪ್ರವಾಸಿಗಳು ಫೋಟೋ ತೆಗೆದುಕೊಳ್ಳುವ ಆ ಜಡೆ ಮರಗಳ ಮೂಲ ಇದು.

ಅಷ್ಟಕ್ಕೆ ನಿಲ್ಲಿಸಿದ್ದರೆ ಹತ್ತು ವರ್ಷದಲ್ಲಿ ಜೊಂಡು ಮತ್ತೆ ಬರುತ್ತಿತ್ತು. ಅಲ್ಲಿ ಕೆರೆಯಲ್ಲಿ ಒಂದು ಬೆಳೆ ಬೆಳೆಯುತ್ತಾರೆ. ಉತ್ತರ ಭಾರತದಲ್ಲಿ ಸಿಂಘಾಡಾ ಅನ್ನುತ್ತಾರಲ್ಲ, ಕೊಂಬಿನಾಕಾರದ ನೀರುಕಾಯಿ, ಅದು. ಅದನ್ನು ಬಿತ್ತುವ ರೈತ ಪ್ರತಿ ವಸಂತದಲ್ಲೂ ತನ್ನ ಪಾಲಿನ ನೀರಿನಿಂದ ಒಂದು ಹುಲ್ಲುಕಡ್ಡಿ ಬಿಡದೆ ಕಳೆ ಕೀಳುತ್ತಾನೆ. ಇದನ್ನು ಬಲ್ಲ ಸು ದೊಂಗ್‌ಪೊ ದಡದಂಚಿನ ನೀರನ್ನು ಆ ರೈತರಿಗೇ ಗುತ್ತಿಗೆಗೆ ಕೊಡಿಸಿದ. ಕಳೆಯೂ ಹೋಯಿತು, ಗುತ್ತಿಗೆಯ ಹಣ ಕೆರೆಯ ರಿಪೇರಿಗೂ ಆಯಿತು. ಬೆಳೆಯೇ ಹಬ್ಬಿ ಕೆರೆಯನ್ನೆಲ್ಲ ನುಂಗಬಾರದೆಂದು ಆಳದ ನೀರಿನಲ್ಲಿ ಮೂರು ಪುಟ್ಟ ಕಲ್ಲಿನ ಗೋಪುರ ನಿಲ್ಲಿಸಿ, ಇದರಿಂದ ಒಳಗೆ ಯಾರೂ ಬಿತ್ತಬಾರದು ಎಂದು ಗಡಿ ಹಾಕಿದ.

ಆ ಮೂರು ಕಲ್ಲುಗಳನ್ನು ನೀವೂ ಚಿತ್ರದಲ್ಲಿ ನೋಡಿರಬಹುದು. ಚೀನಾದ ಒಂದು ಯುವಾನ್ ನೋಟಿನ ಹಿಂಬದಿಯಲ್ಲಿ ಇವೆ. ಈಗ ನಿಂತಿರುವವು 17ನೇ ಶತಮಾನದವು. ಸೋರೆಬುರುಡೆಯ ಆಕಾರ, ಸುತ್ತ ಐದು ತೂತು. ಹುಣ್ಣಿಮೆಯ ರಾತ್ರಿ ಒಳಗೆ ದೀಪ ಇಟ್ಟು ತೂತಿಗೆ ಕಾಗದ ಅಂಟಿಸಿದರೆ ನೀರಿನ ಮೇಲೆ ಪುಟ್ಟಪುಟ್ಟ ಚಂದ್ರರು ಮೂಡುತ್ತಾರೆ. ದೋಣಿಯಲ್ಲಿ ಹತ್ತಿರ ಹೋದಾಗ ಮಗಳು ಒಂದು ಯುವಾನ್ ನೋಟು ಎತ್ತಿ ಹಿಡಿದು ಹೊಂದಿಸಿ ನೋಡಿದಳು. ಪಕ್ಕದ ದೋಣಿಯ ಮಕ್ಕಳೆಲ್ಲ ಅದನ್ನೇ ಮಾಡುತ್ತಿದ್ದರು. ಇಂದು ಎಲ್ಲರೂ ಚಂದ್ರನ ಕಥೆ ಹೇಳುತ್ತಾರೆ. ಅದು ಕಳೆಯ ಗಡಿಕಲ್ಲಾಗಿ ಹುಟ್ಟಿತು ಎಂಬುದನ್ನೂ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಮುಂದೆ 1094ರಲ್ಲಿ ಅವನನ್ನು ಇನ್ನೂ ದಕ್ಷಿಣದ ಹ್ವೇಯ್‌ಝೌಗೆ ಗಡಿಪಾರು ಮಾಡಿದರು. ಅಲ್ಲೂ ಒಂದು ಕೆರೆ. ಅಧಿಕಾರ ಇಲ್ಲ, ಕೈಯಲ್ಲಿ ಕಾಸಿಲ್ಲ. ಅಲ್ಲಿ ಸೇತುವೆ ಕಟ್ಟುವಾಗ ತನ್ನ ಸೊಂಟದ ಬೆಲೆಬಾಳುವ ಪಟ್ಟಿಯನ್ನು ಬಿಚ್ಚಿ ಕೊಟ್ಟನಂತೆ.

ಹಾಂಗ್‌ಝೌ ಕೆರೆಗೆ ಆಮೇಲೂ ಜನ ಬಂದರು. 1508ರಲ್ಲಿ ಯಾಂಗ್ ಮೆಂಗ್‌ಯಿಂಗ್ ಎಂಬ ಅಧಿಕಾರಿ, ಬಲಾಢ್ಯರು ಕೆರೆಯೊಳಗೆ ಒತ್ತುವರಿ ಮಾಡಿ ಎಬ್ಬಿಸಿದ್ದ ಗದ್ದೆಗಳನ್ನು ಕಿತ್ತು ಹೂಳು ತೆಗೆಸಿದ. ಆ ಮಣ್ಣು ಪಡುವಣದ ಇನ್ನೊಂದು ಏರಿಯಾಯಿತು. 1800ರ ಸುಮಾರಿಗೆ ರುವಾನ್ ಯುವಾನ್ ತೆಗೆಸಿದ ಹೂಳು ಒಂದು ನಡುಗಡ್ಡೆಯಾಯಿತು. 1950ರ ದಶಕಕ್ಕೆ ಬರುವಾಗ ಆಳ ಮತ್ತೆ ಅರ್ಧ ಮೀಟರಿನಷ್ಟಕ್ಕೆ ಇಳಿದಿತ್ತು, ಮತ್ತೆ ತೆಗೆದರು. 1986ರಿಂದ ಚ್ಯೆನ್‌ತಾಂಗ್ ನದಿಯ ನೀರನ್ನು ಕೆರೆಗೆ ಹಾಯಿಸುತ್ತಿದ್ದಾರೆ. 2011ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದೂ ಸಾಂಸ್ಕೃತಿಕ ತಾಣವೆಂದು. ಸರಿಯಾದ ಹೆಸರು. ಆ ನೀರು ಮನುಷ್ಯರ ಕೈಕೆಲಸ. ನಾವು ಏರಿಯ ಮೇಲೆ ನಿಂತಿದ್ದಾಗಲೇ ಒಬ್ಬ ಹೆಣ್ಣುಮಗಳು ಮರದ ದೋಣಿಯಲ್ಲಿ ನಿಂತು, ಉದ್ದ ಕೋಲಿನ ಬಲೆಯಿಂದ ಬಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ನಾವು ಎರಡು ಸೇತುವೆ ದಾಟಿ ತಿರುಗಿ ನೋಡಿದಾಗಲೂ ಅವಳ ಬಲೆ ಏಳುತ್ತ ಇಳಿಯುತ್ತ ಇತ್ತು.

ಜುಲೈ ತಾವರೆಯ ತಿಂಗಳು. ಏರಿಯ ಬಡಗಣ ತುದಿಯಲ್ಲಿ ಸುಂಗ್ ಅರಸರ ಕಾಲದಲ್ಲಿ ಮದ್ಯ ತಯಾರಿಸುವ ಅಂಗಳ ಇತ್ತಂತೆ. ಗಾಳಿ ಬೀಸಿದಾಗ ಹುದುಗಿನ ವಾಸನೆಯೂ ತಾವರೆಯ ವಾಸನೆಯೂ ಬೆರೆತು ಬರುತ್ತಿತ್ತು ಎಂದು ಆ ಜಾಗಕ್ಕೆ ಹೆಸರಾಯಿತು. ಎಲೆಗಳು ನಮ್ಮ ಮೊರದಷ್ಟು ಅಗಲ, ನೀರಿನಿಂದ ಎದೆಯೆತ್ತರಕ್ಕೆ ಎದ್ದಿದ್ದವು. ಪಕ್ಕದ ಅಂಗಡಿಯಲ್ಲಿ ತಾವರೆಗಡ್ಡೆಯ ಹಿಟ್ಟಿನ ಗಂಜಿ ಕೊಟ್ಟರು. ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೇಲೆ ಕುದಿನೀರು ಹೊಯ್ದರೆ ಕಣ್ಣೆದುರೇ ಬಿಳಿ ಹೋಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಮೇಲೆ ಒಣಗಿಸಿದ ಗುಯಿಹ್ವಾ ಹೂವಿನ ಚೂರು. ಬಾಯಿಗಿಟ್ಟರೆ ಜ್ವರ ಬಂದಾಗ ಅಮ್ಮ ಮಾಡಿಕೊಡುತ್ತಿದ್ದ ಕೂವೆಹಿಟ್ಟಿನ ಗಂಜಿಯೇ.

ಎರಡನೆಯ ದಿನ ಬೆಟ್ಟದೊಳಗಿನ ಲಿಂಗ್‌ಯಿನ್ ದೇವಾಲಯಕ್ಕೆ ಹೋದೆವು. ಹಾದಿಯ ಫಲಕವೊಂದನ್ನು ಓದಿ ಮಗಳು ನಿಂತುಬಿಟ್ಟಳು. "ಅಮ್ಮ, ಇಲ್ಲಿ ಮೇಲಿನ ತ್ಯೆನ್‌ಝು, ನಡುವಿನ ತ್ಯೆನ್‌ಝು, ಕೆಳಗಿನ ತ್ಯೆನ್‌ಝು ಅಂತ ಮೂರು ದೇವಸ್ಥಾನ ಇವೆ. ತ್ಯೆನ್‌ಝು ಅಂದ್ರೆ ಭಾರತಕ್ಕೆ ಇವರ ಹಳೇ ಹೆಸರು." 4ನೇ ಶತಮಾನದಲ್ಲಿ ಭಾರತದಿಂದ ಒಬ್ಬ ಭಿಕ್ಷು ಇಲ್ಲಿಗೆ ಬಂದ. ಅವನ ಸ್ವಂತ ಹೆಸರು ಉಳಿದಿಲ್ಲ, ಚೀನೀಯರು ಹ್ವೇಲಿ ಎಂದರು. ದೇವಾಲಯದ ಎದುರಿನ ಗುಡ್ಡ ನೋಡಿ, ಇದು ನಮ್ಮ ರಾಜಗೃಹದ ಗೃಧ್ರಕೂಟ, ಹಾರಿ ಬಂದು ಇಲ್ಲಿ ಕೂತಿದೆ ಎಂದನಂತೆ. ಜನ ನಂಬಲಿಲ್ಲ. ಆ ಗುಡ್ಡದ ಗವಿಯಲ್ಲಿ ಕೋತಿಗಳೂ ಇರಬೇಕು ಎಂದು ಕೂಗಿದ. ಕೋತಿ ಹೊರಗೆ ಬಂತು. ಹಾರಿಬಂದ ಬೆಟ್ಟ ಎಂದೇ ಇಂದಿಗೂ ಹೆಸರು. ಸುತ್ತಲ ಬೆಟ್ಟಗಳು ಮರಳುಗಲ್ಲು, ಇದೊಂದು ಮಾತ್ರ ಸುಣ್ಣಗಲ್ಲು, ಬೇರೆ ಎಲ್ಲಿಂದಲೋ ಬಂದ ಹಾಗೆಯೇ ಕಾಣುತ್ತದೆ. ಹಳಬರ ಕಣ್ಣು ಚುರುಕು. 10ನೇ ಶತಮಾನದಿಂದ 14ನೆಯದರವರೆಗೆ ಮುನ್ನೂರಕ್ಕೂ ಹೆಚ್ಚು ಮೂರ್ತಿಗಳನ್ನು ಆ ಬಂಡೆಗಳಲ್ಲಿ ಕೆತ್ತಿದ್ದಾರೆ. ಗುಡ್ಡದ ಬುಡದಲ್ಲಿ ಹ್ವೇಲಿಯ ನೆನಪಿಗೆ ಒಂದು ಕಲ್ಲಿನ ಗೋಪುರ. ಮನೆ ಬಿಟ್ಟು ಅಷ್ಟು ದೂರ ಬಂದವನಿಗೆ ಯಾವುದೋ ಒಂದು ಗುಡ್ಡ ತನ್ನೂರಿನದರಂತೆ ಕಂಡಿರಬೇಕು. ಅದರ ಮುಂದೆ ಬಹಳ ಹೊತ್ತು ನಿಂತೆ, ಕಣ್ಣು ಒದ್ದೆಯಾಯಿತು.

ಅದೇ ಸಂಜೆ ಲೇಯ್‌ಫೆಂಗ್ ಗೋಪುರ ಹತ್ತಿದೆವು. ಬಿಳಿ ಹಾವು ಹೆಣ್ಣಾಗಿ ಬಂದು ಒಬ್ಬ ಯುವಕನನ್ನು ಮದುವೆಯಾದ ಕಥೆ ಚೀನಾದಲ್ಲಿ ಮಕ್ಕಳಿಗೂ ಗೊತ್ತು. ಅವಳನ್ನು ಸೆರೆ ಇಟ್ಟದ್ದು ಈ ಗೋಪುರದ ಕೆಳಗೆ. 10ನೇ ಶತಮಾನದ ಗೋಪುರ. ಅದರ ಇಟ್ಟಿಗೆ ಮನೆಯಲ್ಲಿದ್ದರೆ ಒಳ್ಳೆಯದೆಂದು ಜನ ಒಂದೊಂದೇ ಕಿತ್ತು ಒಯ್ದು, 1924ರ ಸೆಪ್ಟೆಂಬರಿನಲ್ಲಿ ಅದು ಕುಸಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ರವೀಂದ್ರನಾಥ ಠಾಕೂರರು ಹಾಂಗ್‌ಝೌಗೆ ಬಂದು ಹೋಗಿದ್ದರು. 2001ರಲ್ಲಿ ಬುಡ ಅಗೆದಾಗ ನೆಲಮಾಳಿಗೆಯಲ್ಲಿ ಬೆಳ್ಳಿಯ ಒಂದು ಪುಟ್ಟ ಸ್ತೂಪ ಸಿಕ್ಕಿತು. ಅಂಥವನ್ನು ಅಲ್ಲಿಯವರು ಅಶೋಕ ಸ್ತೂಪ ಎಂದೇ ಕರೆಯುತ್ತಾರೆ. ಅಶೋಕನಂತೆ ತಾನೂ ಎಂಬತ್ತನಾಲ್ಕು ಸಾವಿರ ಸ್ತೂಪ ಮಾಡಿಸಬೇಕೆಂದು ಆ ಸೀಮೆಯ ಅರಸ ಹರಕೆ ಹೊತ್ತಿದ್ದನಂತೆ. ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲೆ ಹೆಸರು ಕೆತ್ತಿಸಿದ ಅದೇ ಅಶೋಕ! ಈಗಿನ ಗೋಪುರ 2002ರದು. ಹಳೆಯದರ ಇಟ್ಟಿಗೆ ರಾಶಿಯನ್ನು ಗಾಜಿನೊಳಗೆ ಹಾಗೆಯೇ ಇಟ್ಟು ಅದರ ಮೇಲೆ ಕಟ್ಟಿದ್ದಾರೆ.

ಲುಂಗ್‌ಜಿಂಗ್ ಚಹಾದ ಊರಿಗೂ ಹೋಗಿದ್ದೆವು. ಅದರ ಒಳ್ಳೆಯ ಕುಡಿ ಏಪ್ರಿಲ್ ಮೊದಲ ವಾರದ ಛಿಂಗ್‌ಮಿಂಗ್ ಹಬ್ಬಕ್ಕೆ ಮುನ್ನ ಚಿವುಟಿದ್ದು. ಕಾದ ಬಾಣಲೆಯಲ್ಲಿ ಬರಿಗೈಯಿಂದಲೇ ಒತ್ತಿ ಒತ್ತಿ ಹುರಿಯುತ್ತಾರೆ. ಗಾಜಿನ ಲೋಟಕ್ಕೆ ಎಲೆ ಹಾಕಿ, ಕುದಿ ಇಳಿದ ನೀರು ಹೊಯ್ದು ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. ಚಪ್ಪಟೆ ಎಲೆಗಳು ನೀರಿನೊಳಗೆ ಮೆಲ್ಲಗೆ ಬಿಚ್ಚಿಕೊಂಡು ನೆಟ್ಟಗೆ ನಿಂತವು. ಹುರಿದ ಕಡಲೆಯ ಸಣ್ಣ ಘಮ. ಕಾಫಿಯವಳಾದ ನಾನು ಮೂರು ಲೋಟ ಕುಡಿದೆ.

ಮೂರನೆಯ ದಿನ ಬೆಳಿಗ್ಗೆ ಮಗಳನ್ನು ಕೇಳಿದೆ: "ಇತ್ತೀಚೆಗೆ ತೆಗೆದ ಹೂಳನ್ನ ಎಲ್ಲಿ ಹಾಕಿದ್ರಂತೆ?" ಅವಳು ಫೋನಿನಲ್ಲಿ ಹುಡುಕಿದಳು. ಪ್ರವಾಸಿಗಳು ಹೆಚ್ಚು ಹೋಗದ ಒಂದು ಕಣಿವೆಯ ಹೆಸರು ಬಂತು, ಜ್ಯಾಂಗ್‌ಯಾಂಗ್‌ಫಾನ್. ಕೆರೆಯ ದಕ್ಷಿಣಕ್ಕೆ, ಗುಡ್ಡದ ಹಿಂದೆ. 1999ರಿಂದ 2003ರವರೆಗೆ ತೆಗೆದ ಹೂಳನ್ನು ಕೊಳವೆಯಲ್ಲಿ ಸಾಗಿಸಿ ಆ ಕಣಿವೆಗೆ ತುಂಬಿದ್ದರು. ಅದನ್ನು ಹಾಗೇ ಬಿಟ್ಟಾಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಕೆರೆಯ ತಳದಲ್ಲಿ, ಬೆಳಕಿಲ್ಲದ ಕೆಸರಿನಲ್ಲಿ ಮಲಗಿದ್ದ ಬೀಜಗಳು ಬಿಸಿಲು ಕಂಡು ಮೊಳೆತವು. ಯಾರೂ ಬಿತ್ತದೆ ವಿಲೋ ಕಾಡು ಎದ್ದಿತು, ಜೊಂಡು ಎದ್ದಿತು, ಹಕ್ಕಿ ಬಂತು. ತೋಟದ ವಿನ್ಯಾಸಕ್ಕೆ ಬಂದವರು ಅದನ್ನು ಕಡಿಯದೆ, ಕೆಸರಿನ ಮೇಲೆ ತೇಲುವಂತೆ ಕಾಲುಹಾದಿ ಹಾಸಿ 2010ರಲ್ಲಿ ಜನಕ್ಕೆ ತೆರೆದರು.

ನಾವು ಹೋದಾಗ ಹಿಂದಿನ ರಾತ್ರಿಯ ಮಳೆ ಬಿದ್ದಿತ್ತು. ನಮ್ಮನ್ನು ಬಿಟ್ಟರೆ ಅಲ್ಲಿ ಒಬ್ಬ ಅಜ್ಜಿ, ಅವರ ಮೊಮ್ಮಗು. ನೆಲ ಇನ್ನೂ ಮೆತ್ತಗಿರುವುದರಿಂದ ಮರಗಳು ಅಲ್ಲಲ್ಲಿ ವಾಲಿದ್ದವು, ಕೆಲವು ಪೂರಾ ಮಲಗಿ, ಮಲಗಿದಲ್ಲಿಂದಲೇ ಹೊಸ ಕೊಂಬೆ ಮೇಲಕ್ಕೆ ಎತ್ತಿದ್ದವು. ಕಾಲುಹಾದಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೈಚಾಚಿ ಒಂದು ಚಿಟಿಕೆ ಮಣ್ಣು ತೆಗೆದೆ. ಕಪ್ಪು, ನುಣುಪು, ಬೆರಳಲ್ಲಿ ಉಜ್ಜಿದರೆ ಮರಳಿನ ಒಂದು ಕಣ ಇಲ್ಲ. ಮೂಗಿಗೆ ಹಿಡಿದೆ. ಎತ್ತುಗಳ ಗಂಟೆ, ಅಪ್ಪನ ಹಾರೆ, ಗಾಡಿಯ ಹಿಂದೆ ಓಡುತ್ತಿದ್ದ ನಾವು.

ಮಗಳ ಮೂಗಿಗೂ ಹಿಡಿದೆ.

"ಏನಮ್ಮ ಇದು?"

"ಗೋಡು" ಅಂದೆ.

ಆ ಮಾತನ್ನು ಅವಳು ಕೇಳಿರಲಿಲ್ಲ. ಶಾಂಘೈ ತಲುಪುವವರೆಗೆ ರೈಲಿನಲ್ಲಿ ಅವಳಿಗೆ ಅದರ ಕಥೆಯನ್ನೇ ಹೇಳುತ್ತ ಬಂದೆ.